ರಂಜಿನಿಯ ಆರು ಪದ

ಆಷಾಢಕ್ಕೆಂದು ತವರಿಗೆ ಹೋದ ಹೊಸ ಹೆಂಡತಿಯನ್ನು ಶ್ರಾವಣಕ್ಕೆ ಗಂಡನೇ ಹೋಗಿ ಕರೆದುಕೊಂಡು ಬರಬೇಕು. ನಮ್ಮ ಮದನನಿಗೆ ಇಷ್ಟು ಸಣ್ಣ ವಿಷಯ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಹೊರಡುವ ದಿನ ರಂಜಿನಿ, "ನೀವು ಮದ್ವೆ ಆಗಿರೋದು ಆ ಮೊಬೈಲ್ನ, ನನ್ನಲ್ಲ" ಅಂದುಬಿಟ್ಟಿದ್ದಳು. ತಾನಾಗಿಯೇ ಬರಲಿ ಎಂದು ಇವನು ಬಿಗಿದುಕೊಂಡು ಕೂತ. ಶ್ರಾವಣ ಹೋಯಿತು, ದಸರೆ ಹೋಯಿತು, ದೀಪಾವಳಿಯೂ ಹೋಯಿತು. ನಂಜನಗೂಡಿನ ಬಾಡಿಗೆ ಮನೆಯಲ್ಲಿ ಒಬ್ಬನೇ ಅನ್ನ ಬೇಯಿಸಿ, ಒಬ್ಬನೇ ಉಂಡು, ಫ್ಯಾಕ್ಟರಿಗೆ ಹೋಗಿ ಬರುತ್ತಿದ್ದ. ಮನೆಯಲ್ಲಿದ್ದ ಎರಡು ತಟ್ಟೆಗಳಲ್ಲಿ ಒಂದು ಧೂಳು ಹಿಡಿದಿತ್ತು. ಎಂಥಾ ಜಂಬವೋ, ಸುಡಲಿ!

ಅವಳು ಅಂದದ್ದೇನೂ ಸುಳ್ಳಲ್ಲ. ಮದನನಿಗೆ ಕ್ರಿಪ್ಟೊ ಹುಚ್ಚು. ಉಳಿಸಿದ್ದೆಲ್ಲ ಬಿಟ್‌ಕಾಯಿನ್ ಆಗಿ ಫೋನಿನೊಳಗೆ ಕೂತಿತ್ತು. ಆ ಖಾತೆಗೆ ಹನ್ನೆರಡು ಇಂಗ್ಲಿಷ್ ಪದಗಳ ಒಂದು ಗುಟ್ಟಿನ ಕೀಲಿ. ಫೋನ್ ಕಳೆದುಹೋದರೆ ಖಾತೆಯನ್ನು ಮತ್ತೆ ತೆರೆಯಲು ಅದೊಂದೇ ದಾರಿ. ಅದು ಯಾರಿಗೆ ಸಿಕ್ಕರೂ ದುಡ್ಡು ಅವರದೇ. ಮದುವೆಯ ಹೊಸದರಲ್ಲಿ ಮದನ ಅದನ್ನು ಪಾಲು ಮಾಡಿದ್ದ. ಮೊದಲ ಆರು ಪದ ತನಗೆ, ಕೊನೆಯ ಆರು ಅವಳಿಗೆ. ಎಲ್ಲೂ ಬರೆದಿಡುವ ಹಾಗಿಲ್ಲ, ಬಾಯಿಪಾಠ. ಅವಳು ಒಲೆಯ ಮುಂದೆ ನಿಂತು ಮಗ್ಗಿಯಂತೆ ಒಪ್ಪಿಸುತ್ತಿದ್ದಳು, ಇವನು ಪದಗಳ ಕಡೆ ಕಿವಿಗೊಡದೆ ನಗುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಈಮೇಲ್ ಬಂತು. ಖಾತೆಗೆ ಯಾರೋ ಕೈ ಹಾಕಿದ್ದಾರೆ, ಸಂಜೆಯೊಳಗೆ ಈ ಲಿಂಕ್ ಒತ್ತಿ ಹನ್ನೆರಡು ಪದ ತುಂಬದಿದ್ದರೆ ಖಾತೆ ಬಂದ್ ಎಂದಿತ್ತು. ಮದನ ಹಿಂದೆಮುಂದೆ ನೋಡದೆ ಲಿಂಕ್ ಒತ್ತಿದ. ಹನ್ನೆರಡು ಖಾಲಿ ಮನೆ ಕಂಡಾಗಲೇ ತನ್ನ ಹತ್ತಿರ ಇರುವುದು ಅರ್ಧ ಮಾತ್ರ ಎನ್ನುವುದು ನೆನಪಾದದ್ದು.

ಜಂಬ ಮೂಲೆಗೆ ಬಿತ್ತು. ಮೂಗೂರಿನ ತವರಿನಲ್ಲಿದ್ದ ಹೆಂಡತಿಗೆ ಫೋನ್ ಮಾಡಿದ.

"ಅಲೋ," ಅಂದಳು ರಂಜಿನಿ. ಆಮೇಲೆ ಮೆಲ್ಲಗೆ, "ತಿಂಡಿ ಆಯ್ತಾ?"

"ನಿನ್ ಆರು ಪದ ಯೋಳು, ಬೇಗ! ಕಂಪ್ನಿಯೋರು ಮೇಲ್ ಕಳ್ಸವ್ರೆ, ಖಾತೆ ಬಂದಾಗೋಯ್ತದೆ."



"ಕಂಪ್ನಿಯೋರು ಯಾವತ್ತೂ ಪದ ಕೇಳಲ್ಲ, ಕೇಳ್ದೋನೇ ಕಳ್ಳ ಅಂತ ನೀವೇ ಯೋಳಿದ್ರಲ್ಲ?" ಅಂದಳು. "ಫೋನಲ್ಲಿ ನಾನೇ ಕೇಳುದ್ರೂ ಯೋಳ್ಬೇಡ, ನನ್ ದನಿ ಮಾಡ್ಕಂಡು ಯಾರಾದ್ರೂ ಕೇಳ್ಬೋದು, ಎದ್ರುಗೆ ಬಂದು ಕೂತ್ರೆ ಮಾತ್ರ ಯೋಳು ಅಂತಾನೂ ಅಂದಿದ್ರಿ. ಬೇಕಾದ್ರೆ ಬನ್ನಿ."

ಫೋನ್ ಇಟ್ಟೇಬಿಟ್ಟಳು.

ಮದನನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಮೇಲ್ ಮುಚ್ಚಿ, ಬೆರಳೊತ್ತಿ ಸೀದಾ ಆ್ಯಪ್ ತೆರೆದು ನೋಡಿದ. ಖಾತೆಗೆ ಏನೂ ಆಗಿರಲಿಲ್ಲ. ಅಪ್ಪಟ ಮೋಸದ ಮೇಲ್! ಸದ್ಯ, ಬಚಾವಾದೆ ಅಂದುಕೊಂಡ. ಇನ್ನು ಮೂಗೂರಿಗೆ ಹೋಗುವ ಅಗತ್ಯವೇ ಇರಲಿಲ್ಲ. ಅದು ಹೊಳೆದದ್ದೇ ತಡ, ಯಾಕೋ ಅಳು ಬಂತು. ಇಷ್ಟು ತಿಂಗಳಲ್ಲಿ ತಿಂಡಿ ಆಯ್ತಾ ಎಂದು ಕೇಳಿದ ಜೀವ ಇನ್ನೊಂದಿರಲಿಲ್ಲ. ಆ ಮಾತಿಗೂ ಅವನು ಉತ್ತರ ಕೊಟ್ಟಿರಲಿಲ್ಲ.

ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದ. ನರಸೀಪುರದಲ್ಲಿ ಇಳಿದು ಮೂಗೂರಿನ ಬಸ್ಸು ಹತ್ತಿದ.

ರಂಜಿನಿಯನ್ನು ಸಾಕಿದ ದೊಡ್ಡಮ್ಮ ಚಿಕ್ಕಮಾದಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಓಹೋ, ಅಳೀಮಯ್ಯ! ನಿಮ್ ನಂಜನಗೂಡಲ್ಲಿ ಆಷಾಡ ಈಗ್ ಮುಗೀತಾ?" ಎಂದು ಚುಚ್ಚಿ, ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು.

ರಂಜಿನಿ ನೀರು ತಂದಿಟ್ಟಳು. ಸೊರಗಿದ್ದಳು. ಮದನ ಅವಳ ಎದುರಿಗೆ ಕೂತ.

"ಕೂತಿವ್ನಿ. ಈಗ ಯೋಳು."

ರಂಜಿನಿ ತಲೆ ಎತ್ತಲಿಲ್ಲ. "ಮರ್ತೋಗದೆ ಕಣ್ರೀ. ಶ್ರಾವಣದಲ್ಲೇ ಮರ್ತೋಯ್ತು. ಇಲ್ಲಿ ಯಾರ್ಗೆ ಒಪ್ಸಲಿ?"

"ಮತ್ಯಾಕೆ ಬನ್ನಿ ಅಂದೆ?"

"ಇನ್ನೇನಂತ ಕರೀಲಿ?"

ಫೋನ್ ಕಳೆದರೆ ಇನ್ನು ಎಲ್ಲವೂ ಹೋದಂತೆಯೇ ಎಂದು ಮದನನಿಗೆ ಹೊಳೆಯಿತು. ಆದರೂ ಹೆದರಿಕೆಯಾಗಲಿಲ್ಲ. ನೀರಿನ ಚೊಂಬನ್ನು ಕೈಯಲ್ಲಿ ಹಿಡಿದೇ ಕೂತಿದ್ದ.

"ತಿಂಡಿ ಆಗಿಲ್ಲ," ಅಂದ.