ಕಂದಿದ ಸೀರಮ್

ಗಾಬೆಸ್ ಕೊಲ್ಲಿಯ ಕೆಸರಲ್ಲಿ ಚಿಪ್ಪುಮೀನು ಹೆಕ್ಕಿಯೇ ಮಬ್ರೂಕಾಳ ಪ್ರಾಯ ಸವೆದಿತ್ತು. ಬಿಸಿಲೂ ಉಪ್ಪುಗಾಳಿಯೂ ಸೇರಿ ಅವಳ ಮುಖವನ್ನು ಹದ ಹಾಕಿದ ತೊಗಲಿನಂತೆ ಮಾಡಿದ್ದವು. ಅದನ್ನವಳು ಮನಸ್ಸಿಗೆ ಹಚ್ಚಿಕೊಂಡವಳೇ ಅಲ್ಲ, ಸ್ಫಾಕ್ಸ್ ಪಟ್ಟಣದಲ್ಲಿ ಅಕ್ಕ ಜಲೀಲಾಳ ಮಗನ ಮದುವೆ ಆಗುವವರೆಗೆ. ಅಲ್ಲಿ ಬೀಗಿತ್ತಿ ಎದ್ದು ಬಂದು ಅವಳ ನೆತ್ತಿಗೆ ಮುತ್ತಿಟ್ಟು, "ಜಲೀಲಾ, ನಿಮ್ಮ ತಾಯಿ ಇನ್ನೂ ಎಷ್ಟು ಗಟ್ಟಿಮುಟ್ಟಾಗಿದಾರೆ!" ಎಂದಳು.

ಕೂತವರು ಮುಸಿಮುಸಿ ನಕ್ಕರು. ಅಕ್ಕನಿಗೂ ನಗು ತಡೆಯಲಾಗಲಿಲ್ಲ. ಕುಸ್ಕುಸ್ ತಟ್ಟೆ ಬಿಟ್ಟು ಎದ್ದ ಮಬ್ರೂಕಾ, ಊರಿಗೆ ಬಂದ ಮೇಲೆ ಅಕ್ಕನ ಫೋನನ್ನೂ ಎತ್ತಲಿಲ್ಲ.

ಕೆಲವು ವಾರಕ್ಕೆ ಜಲೀಲಾ ಪುಟ್ಟ ಸೀಸೆಯೊಂದನ್ನು ಕಳಿಸಿದಳು. ಮುಖಕ್ಕೆ ಹಚ್ಚುವ ವಿಟಮಿನ್ ಸಿ ಸೀರಮ್.

"ನಗಾಡಿದ್ದು ಸಾಲ್ದು ಅಂತ ಸುಣ್ಣ ಬಳಿಯೋಕೂ ಕಳಿಸಿದಾಳೆ" ಎಂದು ಮಬ್ರೂಕಾ ಅದನ್ನೊಮ್ಮೆ ಮೂಸಿ, ಮುಚ್ಚಳ ಸರಿಯಾಗಿ ಹಾಕದೆ ಕಿಟಕಿಯಲ್ಲಿ ಕುಕ್ಕಿದಳು.

ಬೇಸಿಗೆ ಕಳೆದ ಮೇಲೆ ಮಗಳು ಹೈಫಾ ನೋಡಿದರೆ, ನೀರಿನಂತಿದ್ದ ಸೀರಮ್ ಚಹಾದ ಬಣ್ಣಕ್ಕೆ ತಿರುಗಿತ್ತು.

"ಅಯ್ಯೋ ಅಮ್ಮಾ, ಬಿಸಿಲಿಗಿಟ್ಟು ಇದಕ್ಕೂ ನಿನ್ನ ಗತಿನೇ ತಂದ್ಯಲ್ಲೇ!"

ಮಬ್ರೂಕಾಳಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ಅಷ್ಟು ದಿನದ ಸಿಟ್ಟು ಆ ನಗುವಲ್ಲೇ ಕೊಚ್ಚಿಹೋಯಿತು. ಮರುದಿನ ಹೊಸ ಸೀಸೆ ಕೊಳ್ಳಲು ತಾನೇ ಔಷಧಿ ಅಂಗಡಿಗೆ ಹೋದಳು.

ಅಂಗಡಿಯ ಹುಡುಗಿ ಸಿಹೇಮ್ ಮುಚ್ಚುಮರೆ ಮಾಡಲಿಲ್ಲ. "ನೋಡಿ ಚಿಕ್ಕಮ್ಮ, ಸುಕ್ಕು ಮಾಯ ಆಗತ್ತೆ ಅಂತ ನಾನು ಹೇಳಲ್ಲ. ಬಿಸಿಲಿನ ಹಾನಿಗೆ ಒಂದಿಷ್ಟು ಅಡ್ಡ ನಿಲ್ಲತ್ತೆ, ಕಲೆ ತಿಳಿಯಾಗಬಹುದು. ಬೆಳಿಗ್ಗೆ ಹಚ್ಚಿ, ಅದರ ಮೇಲೆ ಸನ್‌ಸ್ಕ್ರೀನ್, ತಲೆಗೆ ಅಗಲದ ಟೋಪಿ. ತಾಳ್ಮೆ ಬೇಕು ಅಷ್ಟೇ."

"ಚಿಪ್ಪು ಹೆಕ್ಕೋಳಿಗೆ ತಾಳ್ಮೆ ಹೇಳಿಕೊಡ್ತೀಯೇನೇ ಹುಡುಗಿ?"

"ಮದುಮಗಳು ಬಂದ್ಲು, ದಾರಿ ಬಿಡ್ರೇ!" ಎಂದು ಅಗಲದ ಟೋಪಿ ಹಾಕಿ ಬಂದವಳನ್ನು ಕೆಸರಲ್ಲಿ ಜೊತೆಯವರು ಕಿಚಾಯಿಸಿದರು. ಎಲ್ಲರಿಗಿಂತ ಜೋರು ತುರಾಯಾಳದು. ಮಬ್ರೂಕಾ ಕಿವಿಗೆ ಹಾಕಿಕೊಳ್ಳದೆ ದಿನಾ ಬೆಳಿಗ್ಗೆ ಸೀರಮ್ ಹಚ್ಚಿದಳು. ಚಳಿಗಾಲ ಮುಗಿಯುವ ಹೊತ್ತಿಗೆ ಕಣ್ಣಂಚಿನ ಗೆರೆಗಳು ಇದ್ದಲ್ಲೇ ಇದ್ದವು, ನಿಜ. ಆದರೆ ಕೆನ್ನೆಯ ಕಂದು ಕಲೆಗಳು ಮಾಸಿದ್ದವು, ಕೈಯಾಡಿಸಿದರೆ ಮೊದಲಿನ ಒರಟು ಇರಲಿಲ್ಲ. ಒಂದು ದಿನ ತುರಾಯಾಳೇ ಬುಟ್ಟಿ ಎಳೆದುಕೊಂಡು ಹತ್ತಿರ ಬಂದು, "ಆ ಸೀಸೆ ಎಲ್ಲಿ ಸಿಗತ್ತೆ? ಮೆಲ್ಲಗೆ ಹೇಳು, ಮಾರಾಯ್ತಿ" ಎಂದಳು.

ಆ ಸಂಜೆ ಮಬ್ರೂಕಾ ಸ್ಫಾಕ್ಸ್‌ಗೆ ಫೋನ್ ಮಾಡಿದಳು.

"ಅಕ್ಕಾ, ನೀನು ಕಳಿಸಿದ್ದನ್ನ ಬಿಸಿಲಿಗಿಟ್ಟು ಕೊಂದುಬಿಟ್ಟೆ ಕಣೇ."

"ಅವತ್ತು ನಾನು ನಗಬಾರದಿತ್ತು" ಎಂದಳು ಜಲೀಲಾ.

"ಹೌದು, ನಗಬಾರದಿತ್ತು. ಭಾನುವಾರ ಬಾ, ಚಿಪ್ಪುಮೀನಿನ ಸಾರು ಮಾಡ್ತೀನಿ. ಹಳೇ ಬಟ್ಟೆ ತಗೊಂಡು ಬಾ, ಕೆಸರಿಗೂ ಇಳಿಸ್ತೀನಿ."