ಹೆಚ್ಚಾದ ಮಣ್ಣು

ಕುಣಿಗಳಲ್ಲಿ ಮಣ್ಣು ಕೊಳೆಯಲು ಹಾಕಿ ಇಪ್ಪತ್ತು ದಿನವಾಗಿತ್ತು. ಊರಿಗೆ ಊರೇ ಹಬ್ಬದ ಗುಂಗಿನಲ್ಲಿತ್ತು, ನನಗೊಬ್ಬನಿಗೆ ಮಾತ್ರ ಬೆಂಕಿಯ ಮೇಲೆ ಕೂತ ಹಾಗೆ. ಮಳೆ ಶುರುವಾಗುವ ಮೊದಲು ಒಂದು ಗುರುವಾರ ನಮ್ಮ ಕೊಬಾಯಾದ ಮಣ್ಣಿನ ಮಸೀದಿಗೆ ಹೊಸ ಮಣ್ಣು ಮೆತ್ತಬೇಕು. ಅದಕ್ಕೆ ಯಾರೂ ಯಾರನ್ನೂ ಕರೆಯಬೇಕಿಲ್ಲ. ಗದ್ದೆಯಿದ್ದವರು ಭತ್ತದ ಹೊಟ್ಟು ತರುತ್ತಾರೆ, ಗದ್ದೆಯಿಲ್ಲದವರು ನೆಂಟರ ಮನೆಯಿಂದ ಬೇಡಿ ತರುತ್ತಾರೆ. ಬಾನಿ ಹೊಳೆಯ ಜಿಗುಟು ಮಣ್ಣನ್ನು ಮೀನುಗಾರರು ದೋಣಿದೋಣಿ ತಂದು ಸುರಿಯುತ್ತಾರೆ. ಕಣ್ಣು ಕಾಣದ ಮುದುಕ ಮೇಷ್ಟ್ರು ಕೂಡ ಪಂಚೆ ಎತ್ತಿ ಕಟ್ಟಿ ಮಣ್ಣು ತುಳಿಯಲು ಇಳಿಯುತ್ತಾರೆ. ಹೋದ ವರ್ಷ ಮೂರು ಕುಣಿ ತುಂಬಿತ್ತು, ಈ ವರ್ಷ ಐದು. ಸಾಕು ಅಂದರೂ ಕೇಳುವವರಿಲ್ಲ. ಕೊಡುವ ಕೈಯನ್ನು ತಡೆಯುವುದು ಹೇಗೆ?

ನಾನು ಬಾಮೋಯಿ, ಗಾರೆಯವನು. ನಮ್ಮ ಊರಿನ ಗಾರೆಯವರಿಗೆಲ್ಲ ಹಿರಿಯರಾದ ನೂಹೂನ್ ನನ್ನ ಸೋದರಮಾವ, ನನ್ನ ಗುರು. ಅರವತ್ತು ವರ್ಷದಿಂದ ಮಸೀದಿಯ ಗೋಡೆಗೆ ಮೊದಲ ಹಿಡಿ ಮಣ್ಣು ಬಿದ್ದಿರುವುದು ಅವರ ಕೈಯಿಂದಲೇ.

ಹೋದ ಮಳೆಗಾಲದಲ್ಲಿ ನೀರು ಹೋಗುವ ಕೊಳವೆ ಸರಿಮಾಡಲು ನಡುಗೋಪುರ ಹತ್ತಿದ್ದೆ. ಗೋಡೆ ತಟ್ಟಿದರೆ ಟೊಳ್ಳು ಬುರುಡೆಯ ಸದ್ದು. ಒಂದು ಬಿರುಕಿನೊಳಗೆ ಕಡ್ಡಿ ತೂರಿಸಿ ನೋಡಿದೆ, ಮೊಳದಷ್ಟು ಒಳಗೆ ಹೋಯಿತು. ಅಷ್ಟೂ ಮೆತ್ತಿದ ಮಣ್ಣೇ. ವರ್ಷ ವರ್ಷವೂ ಒಂದು ಪದರ ಹಾಕಿದ್ದೇವೆ, ಒಂದನ್ನೂ ಯಾವತ್ತೂ ತೆಗೆದಿಲ್ಲ. ಆ ಭಾರಕ್ಕೆ ಒಳಗಿನ ಗೋಡೆಯ ಸೊಂಟವೇ ಬಿದ್ದುಹೋಗುತ್ತಿದೆ. ಇನ್ನೊಂದು ಪದರ ಮೆತ್ತಿ, ಅದು ಮಳೆಗೆ ನೆನೆದು ತೂಗಿದರೆ ಗೋಪುರ ನಮಾಜಿನ ಮೊದಲ ಸಾಲಿನ ಮೇಲೆ ಬೀಳುತ್ತದೆ. ಗಾರೆಯವನಾಗಿ ಹುಟ್ಟಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹೇಳಬಹುದಿತ್ತಲ್ಲ ಅನ್ನುತ್ತೀರಿ. ಹೇಗೆ ಹೇಳಲಿ? ನೀವು ಅರವತ್ತು ವರ್ಷ ಮೆತ್ತಿದ್ದೇ ತಪ್ಪು ಅಂತ ಮಾವನ ಮುಖ ನೋಡಿ ಹೇಳಲೇ? ಅವರ ಹಿರಿತನದ ಪೀಠ ಮುಂದೆ ನನಗೇ ಬರುವಂಥದ್ದು. ಮುದುಕ ಬದುಕಿರುವಾಗಲೇ ಅಳಿಯ ಕೂರಲು ಹವಣಿಸುತ್ತಿದ್ದಾನೆ ಅಂತ ಊರು ಆಡಿಕೊಳ್ಳುವುದಿಲ್ಲವೇ? ನುಂಗಲಾರದ ಉಗುಳಲಾರದ ಬಿಸಿತುಪ್ಪವಾಯಿತು ನನಗೆ. ದಿನಕ್ಕೆ ಹತ್ತು ಸಲ ಗೋಪುರದ ಸುತ್ತ ಸುತ್ತುತ್ತಿದ್ದೆ, ಹೆಂಡತಿ ಮಾತಾಡಿಸಿದರೆ ಅವಳ ಮೇಲೆ ರೇಗುತ್ತಿದ್ದೆ.

ಕೊನೆಗೆ ಸೋಮವಾರದ ಸಂತೆಯಲ್ಲಿ ಯಾಸಾಮೆಯ ಹತ್ತಿರ ಹೋದೆ. ಅವಳು ಈರುಳ್ಳಿ ಮಾರುವವಳು, ಬೆಟ್ಟದ ಕಡೆಯ ದೊಗೋನ್ ಜನದ ವಯಸ್ಸಾದ ಹೆಂಗಸು. ಅವರಿಗೂ ಹೊಳೆ ನಂಬಿದ ಬೋಜೋ ಜನರಾದ ನಮಗೂ ಅಜ್ಜಂದಿರ ಕಾಲದಿಂದ ಗೇಲಿಯ ನಂಟು. ಅವರು ನಮ್ಮನ್ನು ಏನು ಬೈದರೂ ಸಿಟ್ಟಾಗುವ ಹಾಗಿಲ್ಲ, ಅವರ ಮೈಗೆ ಕೈ ಹಚ್ಚುವ ಹಾಗಿಲ್ಲ. ನಾನು ಹೇಳಲಾಗದ್ದನ್ನು ಇವಳಾದರೂ ಹೇಳಲಿ ಅಂತ ಎಲ್ಲ ಬಿಚ್ಚಿ ಹೇಳಿದೆ. ನೀನೇ ಹೇಳೋಕೇನು, ನಿನ್ನ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಿದೆಯಾ ಅಂತ ನನ್ನನ್ನು ಚೆನ್ನಾಗಿ ಉಗಿದಳು. ಆದರೂ ಮಾವ ಆ ದಾರಿಯಾಗಿ ಬಂದಾಗ ಸುಮ್ಮನಿರಲಿಲ್ಲ.

"ಏಯ್ ಮೀನುತಿನ್ನಿ ನೂಹೂನ್, ನಿಮ್ ಗೋಪುರಕ್ಕೆ ಅಜೀರ್ಣ ಆಗಿದೆ. ಇನ್ನೊಂದು ತುತ್ತು ತುರುಕಿದ್ರೆ ನಿಮ್ ತಲೆ ಮೇಲೇ ಕಕ್ಕುತ್ತೆ ನೋಡ್ತಿರು" ಅಂದಳು.

ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಈರುಳ್ಳಿ ಹೆಚ್ಚಿ ಹೆಚ್ಚಿ ಇವಳ ಕಣ್ಣು ಮಂಜಾಗಿದೆ ಅಂತ ಹೇಳಿ ಅವಳ ಬುಟ್ಟಿಗೆ ಎರಡು ಒಣಮೀನು ಹಾಕಿ ಹೋದರು. ಸಂತೆಯೆಲ್ಲ ನಕ್ಕಿತು. ನಗಲೇಬೇಕು, ಗೇಲಿಯ ನಂಟರು ಆಡಿದ್ದು ನಿಜವಿದ್ದರೂ ಗೇಲಿಯೇ. ಹುಟ್ಟಿದಾಗಿನಿಂದ ಈ ಊರಲ್ಲಿದ್ದೂ ನನಗೆ ಅಷ್ಟು ಹೊಳೆಯಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಗುರುವಾರ ಬೆಳಗಾಯಿತು. ಡೋಲು ಬಡಿಯುತ್ತ ಎರಡು ಕೇರಿಯ ಹುಡುಗರು ಬುಟ್ಟಿ ಹೊತ್ತು ಓಡಿ ಬಂದರು. ಬಂದವರು ನಡುಗೋಪುರದ ಎದುರು ಗಕ್ಕನೆ ನಿಂತರು. ಗೋಡೆಯ ಬುಡದಲ್ಲಿ ಯಾಸಾಮೆ ಚಾಪೆ ಹಾಸಿ, ಈರುಳ್ಳಿ ಮೂಟೆಗೆ ತಲೆಯಿಟ್ಟು ಮಲಗಿದ್ದಾಳೆ. ಮೊದಲು ಎಲ್ಲರೂ ನಕ್ಕರು. ಅಜ್ಜಿಯ ಮೇಲೇ ಮೆತ್ತೋಣ, ಮುಖದ ಸುಕ್ಕಾದರೂ ಮುಚ್ಚುತ್ತೆ ಅಂದರು. ಅವಳು ಅಲ್ಲಾಡಲಿಲ್ಲ. ಬಿಸಿಲೇರಿತು, ಬುಟ್ಟಿಯ ಮಣ್ಣು ಒಣಗತೊಡಗಿತು, ನಗು ಗೊಣಗಾಟವಾಯಿತು. ಎಬ್ಬಿಸೋಣವೆಂದರೆ ಮುಟ್ಟುವ ಹಾಗಿಲ್ಲ. ನಾನು ಕೈಯಲ್ಲಿ ಕರಣೆ ಹಿಡಿದುಕೊಂಡು ಅತ್ತಿಂದಿತ್ತ ತಿರುಗುತ್ತಿದ್ದೆ.

ಮಾವ ಕೋಲೂರಿಕೊಂಡು ಬಂದು ಅವಳಿಗೆ ಏನು ಬೇಕೆಂದು ಕೇಳಿದರು. ಮೀನೇ, ಉಡುವ ಬಟ್ಟೆಯೇ, ಏನಾದರೂ ಕೊಡುತ್ತೇನೆ ಅಂದರು.

"ಏನೂ ಬೇಡ. ನಾನು ಹೇಳಿದ್ರೆ ಹಲ್ಲು ಕಿರೀತೀರಿ. ನಿನ್ ಅಳಿಯನ್ನ ಕೇಳು."

ಎಲ್ಲರೂ ನನ್ನತ್ತ ತಿರುಗಿದರು. ಕರಣೆ ಕೆಳಗಿಟ್ಟೆ. ಬಿರುಕು, ಕಡ್ಡಿ, ಭಾರ, ಎಲ್ಲವನ್ನೂ ಹೇಳಿದೆ. ಯಾರೋ ಹಿಂದಿನಿಂದ, ಪೀಠದ ಆಸೆ ನೋಡು ಅಂದದ್ದೂ ಕೇಳಿಸಿತು.

ಮಾವ ಯಾಸಾಮೆಯ ಚಾಪೆ ಬಳಸಿಕೊಂಡು ಗೋಪುರದ ಆಚೆ ಮಗ್ಗುಲಿಗೆ ಹೋದರು. ಗೋಡೆಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ಮೂರು ಕಡೆ ತಟ್ಟಿದರು. ಆಮೇಲೆ ಗುದ್ದಲಿ ತರಿಸಿಕೊಂಡು, ಎಂಬತ್ತು ದಾಟಿದ ಆ ಕೈಯಿಂದಲೇ ಒಂದು ಏಟು ಹಾಕಿದರು. ಬಾಗಿಲಷ್ಟು ದೊಡ್ಡ ಹೆಂಟೆ ಕಳಚಿ ಬಿತ್ತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಕೊನೆಗೆ ಒಳಗಿನ ಗೋಡೆ ಕಂಡಾಗ ಅದರಲ್ಲಿದ್ದ ಬಿರುಕಿಗೆ ನನ್ನ ಅಂಗೈ ಹಿಡಿಸುತ್ತಿತ್ತು. ನೀರಿನ ಕೊಡ ಹೊತ್ತ ಹೆಂಗಸರು ಕೊಡ ಇಳಿಸಿ ನೋಡಿದರು. ನೆರೆದವರಲ್ಲಿ ಒಬ್ಬಳು ಮುದುಕಿ, ಅದು ನನ್ನ ಗಂಡ ತುಳಿದ ಮಣ್ಣು ಅಂತ ಅಳತೊಡಗಿದಳು.

"ಬುಟ್ಟಿ ಖಾಲಿ ಮಾಡ್ಕೊಂಡ್ ಬನ್ನಿ. ಈ ವರ್ಷ ಮೆತ್ತೋದಿಲ್ಲ, ಕೆತ್ತೋದು. ಕೆತ್ತಿದ್ದನ್ನ ಹೊರೋದೂ ಸೇವೆನೇ" ಅಂದರು ಮಾವ.

ಅಳುತ್ತಿದ್ದ ಆ ಮುದುಕಿಯೇ ಮೊದಲು ಬಂದು, ಬಿದ್ದಿದ್ದ ಹೆಂಟೆಯ ಚೂರುಗಳನ್ನು ಸೆರಗಿಗೆ ತುಂಬಿಕೊಂಡು ಹೊಳೆಯ ಕಡೆ ನಡೆದಳು. ಆಮೇಲೆ ಡೋಲು ಮತ್ತೆ ಶುರುವಾಯಿತು. ಯಾಸಾಮೆ ಚಾಪೆ ಸುತ್ತಿಕೊಂಡು, ಅರ್ಧ ದಿನದ ವ್ಯಾಪಾರ ಹಾಳಾಯಿತೆಂದು ಬೈಯುತ್ತ ಎದ್ದುಹೋದಳು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆಗ ಮಾವ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಯಾವಾಗ ಗೊತ್ತಾಯ್ತು ನಿನಗೆ?"

"ಹೋದ ಮಳೆಗಾಲದಲ್ಲಿ, ಮಾವ. ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತ..."

"ಓಹೋ. ಅದಕ್ಕೇನಾ ನೀನು ವರ್ಷವೆಲ್ಲ ಹಿಂದೆ ಚಪ್ಪಲಿ ಬಿಡೋ ಜಾಗದಲ್ಲಿ ನಿಂತು ನಮಾಜು ಮಾಡ್ತಿದ್ದಿದ್ದು? ನಾನು ವಿನಯ ಅಂದ್ಕೊಂಡಿದ್ದೆ ಕಣೋ. ನನ್ ಅಳಿಯನಿಗೆ ಎಷ್ಟು ವಿನಯ ಅಂತ ಊರೆಲ್ಲ ಹೇಳ್ಕೊಂಡ್ ಬಂದೆ."

ಗುದ್ದಲಿಯನ್ನು ನನ್ನ ಕೈಗಿಟ್ಟು ಅವರು ನೆರಳಿನ ಕಡೆ ನಡೆದರು. ಮಾವನ ಜಾಗ ಮೊದಲ ಸಾಲಿನ ನಡುವೆ, ಸರಿಯಾಗಿ ಆ ಗೋಪುರದ ಕೆಳಗೆ. ಹೋದ ಮಳೆಗಾಲದಿಂದ ಒಂದು ಶುಕ್ರವಾರವನ್ನೂ ಅವರು ತಪ್ಪಿಸಿರಲಿಲ್ಲ.