ಪಥ್ಯ ಅಂದರೆ ತುಪ್ಪ ಬಿಡುವುದಲ್ಲ

ನನ್ನ ಮಗಳು ಓಬಕ್ಕನಿಗೆ ಐದನೇ ವಯಸ್ಸಿನಿಂದ ಮೂರ್ಛೆ ರೋಗ. ಊಟಕ್ಕೆ ಕೂತವಳು ಹಾಗೇ ಬೀಳುತ್ತಾಳೆ, ಕೈಕಾಲು ಸೆಟೆಯುತ್ತವೆ. ಆಸ್ಪತ್ರೆಯ ಪುಡಿ ಕೊಟ್ಟರೂ ನಿಲ್ಲಲಿಲ್ಲ. ಗಾಳಿ ಸೋಕಿದೆ ಎನ್ನುವವರ ಬಾಯಿಯೂ ನಿಲ್ಲಲಿಲ್ಲ. ಒಲೆಯ ಹತ್ತಿರ, ಬಾವಿಯ ಹತ್ತಿರ ಮಗುವನ್ನು ಕಾಯುವ ಕೆಲಸ ಮಾತ್ರ ನಮ್ಮದೇ.

ಕೊನೆಗೆ ಗಾಡಿ ಕಟ್ಟಿ ದೂರದ ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ನಮ್ಮವ್ವ ಎರ್ರಮ್ಮ ಜೊತೆಗಿದ್ದಳು. ಪುಡಿಗೆ ಜಗ್ಗದ ಮೂರ್ಛೆಗೆ ಊಟವೇ ಚಿಕಿತ್ಸೆಯೆಂದು ಅಲ್ಲಿ ಬೆಣ್ಣೆ, ಮೊಟ್ಟೆ, ಕೆನೆ ತೂಗಿ ತೂಗಿ ಕೊಟ್ಟರು. ಮೂರ್ಛೆ ತಗ್ಗಿತು. ಕಳಿಸುವಾಗ ಮದ್ರಾಸಿನಲ್ಲಿ ಓದಿ ಬಂದ ಡಾಕ್ಟರು ತೆಲುಗಿನಲ್ಲಿ "ಪತ್ಯಂ ತಪ್ಪಕೂಡದು" ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು.

ಪಥ್ಯ ಅಂದರೆ ನಮ್ಮ ಕಡೆ ಎಣ್ಣೆ ತುಪ್ಪ ಬಿಟ್ಟು ಗಂಜಿ ಕುಡಿಯುವುದು. ಅವ್ವ ಅದನ್ನೇ ಮಾಡಿದಳು. ಗಂಜಿ, ಬಾಯಿಗೆ ರುಚಿಯಿರಲೆಂದು ಅದಕ್ಕೆ ಬೆಲ್ಲ. ಮೂರ್ಛೆ ಮೊದಲಿಗಿಂತ ಜೋರಾಗಿ ಬಂತು. ಪಕ್ಕದ ಮನೆಯ ಬೊಮ್ಮಣ್ಣ ಕುಡುಗೋಲು ಕಾಯಿಸಲು ಇಟ್ಟ.

"ನೆತ್ತಿಗೊಂದು ಬರೆ ಹಾಕಿದ್ರೆ ಬಿಟ್ಟೋಗ್ತದೆ ಕಣಪ್ಪ."

"ಮೊದ್ಲು ನಿನ್ ನೆತ್ತಿಗೆ ಹಾಕ್ಕೊ," ಎಂದೆ.

ಬಾಣಂತಿಯರನ್ನು ನೋಡಲು ಊರಿಗೆ ಬಂದಿದ್ದ ನರ್ಸು ದ್ರಾಕ್ಷಾಯಣಮ್ಮ ಈ ಗಲಾಟೆ ಕೇಳಿ ಒಳಗೆ ಬಂದರು. ಅವರು ರಾಯದುರ್ಗದವರು. ಆಸ್ಪತ್ರೆಯಲ್ಲಿ ಕೊಟ್ಟ ಊಟದ ಸಂಗತಿ ಹೇಳಿದೆ. ಅವರು ಗಂಜಿಯ ಬಟ್ಟಲು ನೋಡಿದರು.

"ಇದ್ನ ಯಾಕ ಕೊಟ್ಟೀರಿ?"

"ಪಥ್ಯ ಕಣವ್ವ," ಎಂದಳು ಅವ್ವ.

"ಆಸ್ಪತ್ರ್ಯಾಗ ಬೆಣ್ಣಿ ಕೊಟ್ಟಿದ್ದು ನೋಡ್ಲಿಲ್ಲೇನ್ರಿ?"

"ಅದು ಅವ್ರ ಔಷ್ದಿ. ಪಥ್ಯ ನಾವಲ್ವ ಮಾಡೋದು?"

ನರ್ಸಮ್ಮನ ಮುಖ ಕೆಂಪಾಯಿತು. "ಆ ಬೆಣ್ಣೀನ ಪಥ್ಯ ಅಜ್ಜಿ. ಎಣ್ಣಿ ಬಸಿದು ದೀಪ ಹಚ್ಚಾಕ ಹೊಂಟೀರಲ್ಲ. ಮುದ್ದಿ, ಅನ್ನ, ಬೆಲ್ಲ ಬಾಳ ಕಡಿಮಿ ಮಾಡಿದ್ರ ಮೈ ಜಿಡ್ಡನ್ನ ಉರಿಸ್ತೈತಿ. ಆಗ ಎಷ್ಟೋ ಮಕ್ಕಳಿಗೆ ಮೂರ್ಛಿ ತಗ್ಗತೈತಿ. ಎಲ್ಲಾರಿಗೂ ನಾಟೂದಿಲ್ಲ. ನಿಮ್ಮ ಹುಡುಗಿಗೆ ನಾಟಿತ್ತು, ನೀವ ಕಿತ್ತು ಒಗದ್ರಿ."

"ತುಪ್ಪ ತಿಂದ್ರೆ ಪಿತ್ತ ಏರಲ್ವ?"

"ಬರಿ ಹಾಕಿದ್ರ ಇಳೀತೈತೇನ್ರಿ?"

ಅವ್ವ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಹಂಗಾರೆ ಈಗ್ಲೇ ತುಪ್ಪ ಸುರೀತೀನಿ," ಎಂದೆದ್ದಳು.

"ಸುರೀಬ್ಯಾಡ್ರಿ. ತೂಕ ತಪ್ಪಿದ್ರ ವಾಂತಿ, ನಿತ್ರಾಣ. ಆಸ್ಪತ್ರ್ಯಾಗ ಇಟ್ಟು ಮತ್ತ ಸುರು ಮಾಡಬೇಕು. ಪುಡೀನೂ ಬಿಡಬ್ಯಾಡ್ರಿ."

ಮತ್ತೆ ಸೇರಿಸಿದೆ. ಈ ಸಲ ಡಾಕ್ಟರಿಗೆ ಅಡ್ಡ ನಿಂತು ಕೇಳಿದೆ: ಏನು ಕೊಡಬೇಕು, ಎಷ್ಟು, ಏನು ಮುಟ್ಟಿಸಬಾರದು? ಅವರು ರೇಗಿದರು. ಆದರೂ ಹೇಳಿದರು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಅಷ್ಟನ್ನು ಮೊದಲೇ ಹೇಳಿದ್ದರೆ ಮಗಳು ಅಷ್ಟು ಸಲ ಬೀಳುತ್ತಿರಲಿಲ್ಲ.

ಈಗ ಮೂರ್ಛೆ ಅಪರೂಪ. ಮೊನ್ನೆ ನೆಂಟರ ಊರು ರೊಳ್ಳದಲ್ಲಿ ಒಂದು ನಾಮಕರಣ. ಯಾರೋ ಓಬಕ್ಕನ ಕೈಗೆ ಬೆಲ್ಲದಚ್ಚು ಕೊಟ್ಟರು. ಅವ್ವ ಕಿತ್ತುಕೊಂಡಳು.

"ಒಂದ್ ಚೂರಿಗೆ ಏನಾಯ್ತದಜ್ಜಿ?"

"ಬಿದ್ರೆ ನೀನ್ ಎತ್ತೀಯ?"

ಓದುವವರೇ, ನಿಮ್ಮ ಮನೆಯಲ್ಲೂ ಮೂರ್ಛೆಯ ಮಗು ಇರಬಹುದು. ಬಿದ್ದಾಗ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. ಬರೆ ಹಾಕಲು ಬಂದವರನ್ನು ಹೊಸಿಲು ದಾಟಿಸಬೇಡಿ. ಪುಡಿಗೆ ನಿಲ್ಲದಿದ್ದರೆ ಈ ಊಟದ ಚಿಕಿತ್ಸೆಯನ್ನು ಡಾಕ್ಟರ ಹತ್ತಿರ ಕೇಳಿ. ನೀವಾಗಿಯೇ ಮಾಡಲು ಹೋಗಬೇಡಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಅವರು ರೇಗಲಿ. ಅವರ ಸಿಟ್ಟು ಸಂಜೆಗೆ ಇಳಿಯುತ್ತದೆ. ಬೀಳುವುದು ನಮ್ಮ ಮಗು.